ಸರಕಾರಿ ಕುರುಡಿ

ಚುನಾವಣೆಗೆ ಹದಿನೈದು ದಿನ ಇರುವಾಗ ನಮ್ಮ ಫಾರಂನಲ್ಲಿ ಮೂವತ್ತೊಂದು ಜನಕ್ಕೆ ಕಣ್ಣು ಹೋಯಿತು. ಕಾಯಿಲೆ ಬಂದಿರಲಿಲ್ಲ. ಪಟ್ಟಿ ಬಂದಿತ್ತು.

ಪಟ್ಟಿ ಓದಿದವನು ಸಾಬುಕು ಜಂಗಾ. ಸಾಬುಕು ಎಂದರೆ ಊರಿನ ಯಜಮಾನ. ಸರಕಾರ ಅವನಿಗೆ ತಿಂಗಳ ಭತ್ಯೆ, ಒಂದು ಸೈಕಲ್ಲು ಕೊಟ್ಟು ನಮ್ಮ ತಲೆಯ ಮೇಲೆ ಕೂರಿಸಿತ್ತು. ಅವನು ಮುಸಾಸಾ ಮರದ ಕೆಳಗೆ ಡಬ್ಬವೊಂದನ್ನು ಬೋರಲು ಹಾಕಿ ಅದರ ಮೇಲೆ ನಿಂತು ಹೆಸರು ಕೂಗಿದ.

"ಎನಿಫಾ ಕಚಿಂಗ್ವೆ."

"ಇದ್ದೀನಿ."

"ನೀನು ಕುರುಡಿ."

"ಯಾವಾಗಿಂದ?"

"ಓಟಿನ ದಿವ್ಸ ಬೆಳಿಗ್ಗೆ ಏಳು ಗಂಟೆಯಿಂದ."

"ಸಂಜೆಗೆ ವಾಪಸ್ ಬರುತ್ತಾ?"

ಜನ ನಕ್ಕರು. ಜಂಗಾ ನಗಲಿಲ್ಲ. ಅವನಿಗೆ ಇನ್ನೂ ಮೂವತ್ತು ಜನರ ಕಣ್ಣು ಕೀಳುವುದಿತ್ತು.

ನಮ್ಮ ಕಾನೂನು ಬಹಳ ಕರುಣೆಯದು. ಕಣ್ಣು ಕಾಣದವರು, ಅಕ್ಷರ ಬಾರದವರು ಮತ ಹಾಕುವಾಗ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಬಹುದು. ಜೊತೆಗೆ ಹೋದವರು ಅವರ ಪರವಾಗಿ ಗುರುತು ಹಾಕಬಹುದು. ಆಳುವ ಪಕ್ಷಕ್ಕೆ ಈ ಕರುಣೆ ಬಹಳ ಹಿಡಿಸಿತ್ತು. ಕುರುಡರ ಸೇವೆಗೆಂದೇ ಶಿಂಗಿರಾಯಿ ಎಂಬ ಯುವ ಮುಖಂಡನನ್ನು ನೇಮಿಸಿತ್ತು. ಅವನ ಅಂಗಿಯ ಮೇಲೆ ಪಕ್ಷದ ಮುಷ್ಟಿಯ ಚಿತ್ರ. ಕೈಯಲ್ಲೂ ಅದೇ ಇರುತ್ತಿತ್ತು.

ಕುರುಡರಾದ ಮೇಲೆ ಅಕ್ಷರ ಬಾರದವರ ಸರದಿ. ಮೊದಲ ಹೆಸರೇ ಶಾಲೆಯ ಮೇಷ್ಟ್ರು ಚಿಪಾಂಗುರ ಅವರದು.

"ನಾನು ನಿಮ್ಮ ಮಕ್ಕಳಿಗೆ ಓದೋದು ಕಲ್ಸೋನು ಸಾಬುಕು," ಎಂದರು ಮೇಷ್ಟ್ರು.

"ಅದಕ್ಕೇ ಯಾರಿಗೂ ಅನುಮಾನ ಬರಲ್ಲ ಮೇಷ್ಟ್ರೆ. ನಮ್ಮ ಮಕ್ಳಿಗೂ ಓದೋಕೆ ಬರಲ್ವಲ್ಲ."

ಅದಕ್ಕೂ ಜನ ನಕ್ಕರು. ಮೇಷ್ಟ್ರು ಕೂತುಬಿಟ್ಟರು. ಅವರ ಸಂಬಳದ ಕಾಗದಕ್ಕೆ ಪ್ರತಿ ತಿಂಗಳು ಸಾಬುಕುವಿನ ಸಹಿ ಬೇಕು.

ನನ್ನ ಕಣ್ಣಿನ ಬಗ್ಗೆ ಹೇಳಬೇಕು. ನಾನು ಹೊಗೆಸೊಪ್ಪಿನ ಗ್ರೇಡು ಬಿಡಿಸುವವಳು. ಬ್ಯಾರನ್ನಿನ ಕಾವಿನಲ್ಲಿ ಒಣಗಿ ಬಂದ ಎಲೆಯನ್ನು ಬಣ್ಣ ನೋಡಿ, ಉದ್ದ ನೋಡಿ, ಕಲೆ ನೋಡಿ ಬೇರೆ ಬೇರೆ ರಾಶಿ ಮಾಡುವ ಕೆಲಸ. ನೀವು ಹಳದಿ ಎನ್ನುವುದರಲ್ಲಿ ನಾನು ಏಳು ಹಳದಿ ನೋಡುತ್ತೇನೆ. ಕಿತ್ತಳೆ ಬಣ್ಣದ ಕಂತೆಯಲ್ಲಿ ಒಂದೇ ಒಂದು ನಿಂಬೆ ಬಣ್ಣದ ಎಲೆ ಸೇರಿದರೂ ಹರಾಜು ಕಟ್ಟೆಯಲ್ಲಿ ಇಡೀ ಮೂಟೆಯನ್ನು, ಅಂದರೆ ಬೇಲನ್ನು, ಒದ್ದು ಪಕ್ಕಕ್ಕೆ ತಳ್ಳುತ್ತಾರೆ. ನಲವತ್ತೆರಡು ವರ್ಷ ನಾನು ಬಿಡಿಸಿದ ಬೇಲನ್ನು ಯಾರೂ ಒದ್ದಿಲ್ಲ. ಬೇಲಿನ ಚೀಟಿಯಲ್ಲಿ ಗ್ರೇಡಿನ ಅಕ್ಷರ ಬರೆಯುತ್ತ ಬರೆಯುತ್ತಲೇ ನಾನು ಓದುಬರಹ ಕಲಿತದ್ದು.

ದಿನಕ್ಕೆ ಹತ್ತು ಗಂಟೆ ನಿಂತು ಮಾಡುವ ಕೆಲಸ. ಧೂಳು ಎದೆಗೆ ಇಳಿಯುತ್ತದೆ. ಎಲೆಯ ಅಂಟು ಬೆರಳಿಗೆ ಟಾರಿನ ಹಾಗೆ ಹತ್ತುತ್ತದೆ. ಸೋಪಿಗೆ ಹೋಗುವುದಿಲ್ಲ. ಆ ಕೈಯಲ್ಲಿ ಮುರಿದು ತಿಂದ ಸಾಡ್ಜಾ ಮುದ್ದೆ ಕಹಿ. ಮಗುವಿಗೆ ಹಾಲು ಕೊಡುವಾಗ ಮಗು ಆ ಕೈ ಮೂಸಿ ಮುಖ ತಿರುಗಿಸುತ್ತಿತ್ತು. ನನ್ನ ಎರಡು ಮಕ್ಕಳು ಸಣ್ಣದರಲ್ಲೇ ಹೋದವು. ಗಂಡ ಯೋನಾ ಬ್ಯಾರನ್ನಿನ ಕುಲುಮೆಯ ಮುಂದೆ ಕೆಮ್ಮಿ ಕೆಮ್ಮಿ ಹೋದ. ಮೂವರೂ ನಮ್ಮ ಲೈನು ಮನೆಯ ಹಿಂದಿನ ಅರ್ಧ ಎಕರೆಯಲ್ಲಿ ಮಲಗಿದ್ದಾರೆ. ಸುತ್ತ ನಾನು ಜೋಳ, ಕುಂಬಳ ಬೆಳೆಯುತ್ತಿದ್ದೆ. ಆ ಅರ್ಧ ಎಕರೆ ನನ್ನದಲ್ಲ. ಯಾವತ್ತೂ ಆಗಿರಲಿಲ್ಲ. ಆದರೆ ಈ ಭೂಮಿಯ ಮೇಲೆ ನನಗೆ ಬೇಕಾದದ್ದು ಅದೊಂದೇ.

ನನ್ನ ಅಪ್ಪ ಗಡಿಯಾಚೆಯ ನ್ಯಾಸಾಲ್ಯಾಂಡಿನಿಂದ ಈ ಫಾರಂಗೆ ನಡೆದು ಬಂದವನು. ಬಿಳಿ ದೊರೆ ಅವನನ್ನು ಸಾಯುವವರೆಗೂ 'ಬಾಯ್' ಎಂದೇ ಕರೆದ. ಆಮೇಲೆ ಭೂಸುಧಾರಣೆ ಬಂತು. ಲಾರಿಗಳಲ್ಲಿ ಹುಡುಗರು ಡೋಲು ಬಾರಿಸುತ್ತ ಬಂದರು. ಕಪ್ಪು ಜನರ ಭೂಮಿ ಇನ್ನು ಕಪ್ಪು ಜನರಿಗೆ ಎಂದರು. ನಾನು ನನ್ನ ಕೈ ನೋಡಿಕೊಂಡೆ. ಕಪ್ಪಾಗಿಯೇ ಇತ್ತು. ಆ ಕಪ್ಪು ಸಾಲದೆಂದು ಆಮೇಲೆ ಗೊತ್ತಾಯಿತು.

"ನಿಮ್ಮ ಬೆಡಗು ಯಾವುದು?" ಎಂದು ಕೇಳಿದರು. ಇಲ್ಲಿ ಎಲ್ಲರಿಗೂ ಒಂದು ಬೆಡಗಿದೆ, ಕುಲದ ಗುರುತಿನ ಪ್ರಾಣಿ. ಸಿಂಹ, ಜೀಬ್ರಾ, ಆನೆ. ನಮಸ್ಕಾರ ಹೇಳುವುದೂ ಬೆಡಗಿನ ಹೆಸರು ಹಿಡಿದೇ. ನಮಗೆ ಇಲ್ಲಿಯ ಬೆಡಗಿಲ್ಲ. "ಮಬ್ವಕುರೆ," ಎಂದರು. ದೂರದಿಂದ ಬಂದವರು. ನಾನು ಹುಟ್ಟಿದ್ದು ಗ್ರೇಡಿಂಗ್ ಶೆಡ್ಡಿನಿಂದ ನೂರು ಹೆಜ್ಜೆ ದೂರದಲ್ಲಿ. ಬಹುಶಃ ಅದೇ ದೂರವಿರಬೇಕು.

ಎಂಟುನೂರು ಎಕರೆಯ ಫಾರಂ ಬಡವರಿಗೆ ಹಂಚಿಕೆಯಾಯಿತು. ಬಡವರು ಒಬ್ಬರೇ ಇದ್ದರು. ಅವರ ಹೆಸರು ಕಾಮ್ರೇಡ್ ಗ್ವಾಟಿಡ್ಜೊ. ಜಿಲ್ಲಾ ಕಚೇರಿಯ ದೊಡ್ಡ ಸಾಹೇಬರು. ಹರಾರೆಯಲ್ಲಿ ಎರಡು ಮನೆ, ಮೂರು ಕಾರು. ನಮ್ಮನ್ನು ಲೈನು ಮನೆಯಿಂದ ಬಿಡಿಸಲಿಲ್ಲ, ಕೆಲಸದಿಂದ ಬಿಡಿಸಲಿಲ್ಲ. ಮತಪಟ್ಟಿಯಿಂದ ಮಾತ್ರ ಹೆಸರು ಬಿಡಿಸಿದರು. ಪರದೇಶದವರಿಗೆ ಮತ ಯಾಕೆ ಎಂದು.

ಎಷ್ಟೋ ವರ್ಷ ಕಳೆದು ಆ ವರ್ಷ ಹೆಸರು ವಾಪಸು ಬಂತು. ಯಾವುದೋ ಕೋರ್ಟು ಹೇಳಿತಂತೆ. ಹೆಸರಿನ ಜೊತೆ ಈ ಕುರುಡೂ ಬಂತು. ಗ್ವಾಟಿಡ್ಜೊ ಆ ಸಲ ಆಳುವ ಪಕ್ಷದಿಂದ ಪಾರ್ಲಿಮೆಂಟಿಗೆ ನಿಂತಿದ್ದ. ಮತದಾನದ ಹಿಂದಿನ ವಾರ ಶೆಡ್ಡಿಗೇ ಬಂದ. ಎಂದೂ 'ಏಯ್' ಎನ್ನುವವನು ಅವತ್ತು ಅಂಬುಯಾ ಎಂದು ಕರೆದ. ಅಂಬುಯಾ ಎಂದರೆ ಅಜ್ಜಿ.

"ಅಂಬುಯಾ, ಹಿಂದ್ಗಡೆ ಆ ಅರ್ಧ ಎಕರೆ ಇದ್ಯಲ್ಲ. ನಿನ್ನ ಹೆಸರಿಗೆ ಕಾಗದ ಮಾಡಿಸ್ಕೊಡೋಣ ಅಂತ."

"ಯಾವಾಗ ಯಜಮಾನ್ರೆ?"

"ಓಟಾಗ್ಲಿ. ಸುಮ್ನೆ ಶಿಂಗಿರಾಯಿ ಕೈ ಹಿಡ್ಕೊಂಡು ಒಳಗೆ ಹೋಗ್ಬಾ. ಕಣ್ಣು ಮುಚ್ಕೊಂಡ್ರೆ ಸಾಕು."

"ತೆಗೆದ್ರೆ?"

ಅವನು ನಗುತ್ತಲೇ ಹೇಳಿದ. "ತೆಗೆದ್ರೆ ಆ ಮನೇಲಿ ಇನ್ನೇನೂ ಕಾಣ್ಸಲ್ಲ ನಿಂಗೆ. ಮನೇನೂ ಕಾಣ್ಸಲ್ಲ."

ಒಂದು ವಾರ ನಾನು ನಿದ್ದೆ ಮಾಡಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ. ಕಣ್ಣು ಮುಚ್ಚಿಕೊಳ್ಳೋಣ ಎಂದೇ ಮನಸ್ಸು ಮಾಡಿದ್ದೆ. ಐದು ನಿಮಿಷದ ಕತ್ತಲೆ. ಅದಕ್ಕೆ ಅರ್ಧ ಎಕರೆ. ಅಷ್ಟು ಕೂಲಿ ನನಗೆ ಯಾವತ್ತೂ ಸಿಕ್ಕಿರಲಿಲ್ಲ.

ಮತಗಟ್ಟೆಯನ್ನು ನಮ್ಮ ಗ್ರೇಡಿಂಗ್ ಶೆಡ್ಡಿನಲ್ಲೇ ಮಾಡಿದ್ದರು. ಎಲೆ ಹರಡುವ ಮೇಜಿನ ಮೇಲೆ ಪೆಟ್ಟಿಗೆ. ಬಣ್ಣ ಸರಿಯಾಗಿ ಕಾಣಲೆಂದು ದೊರೆ ಇಡಿಸಿದ್ದ ದೊಡ್ಡ ಕಿಟಕಿಗಳಿಂದ ಬೆಳಕು ಸುರಿಯುತ್ತಿತ್ತು. ಇಡೀ ಜಿಲ್ಲೆಯಲ್ಲಿ ಕುರುಡಾಗಲು ಅದಕ್ಕಿಂತ ಕೆಟ್ಟ ಜಾಗ ಇರಲಿಲ್ಲ.

ಬಿಸಿಲಲ್ಲಿ ಉದ್ದದ ಸಾಲು. ಹಿಂದಿನ ದಿನದವರೆಗೂ ಜೋಳದ ಹಿಟ್ಟಿನಲ್ಲಿ ಹುಳ ಆರಿಸುತ್ತಿದ್ದ ಹೆಂಗಸರು ಒಬ್ಬರ ಭುಜ ಒಬ್ಬರು ಹಿಡಿದು ತಡವರಿಸುತ್ತ ಒಳಗೆ ಹೋದರು. ಹೊರಗೆ ಬಂದ ಮೇಲೆ ನೆಟ್ಟಗೆ ನಡೆದು ಮನೆ ಸೇರಿದರು. ಹೊರದೇಶದ ವೀಕ್ಷಕರು ಬಿಳಿ ಅಂಗಿ ತೊಟ್ಟು ನೆರಳಲ್ಲಿ ಕೂತು ತಂಪು ಪಾನೀಯ ಕುಡಿಯುತ್ತಿದ್ದರು. ಒಬ್ಬ ನಮ್ಮನ್ನು ನೋಡಿ ಮರುಗಿದ. "ಇಲ್ಲಿ ನೀರಲ್ಲಿ ಏನಾದ್ರೂ ದೋಷ ಇದೆಯಾ?" ಎಂದು ಜಂಗಾನನ್ನು ಕೇಳಿದ. "ವಯಸ್ಸು ಸಾರ್," ಎಂದ ಜಂಗಾ.

ನನ್ನ ಮುಂದೆ ದೊರಿಕಾ ನಿಂತಿದ್ದಳು. ಮೂವತ್ತು ವರ್ಷ ಒಂದೇ ಮೇಜಿನಲ್ಲಿ ನನ್ನ ಎದುರು ನಿಂತು ಎಲೆ ಬಿಡಿಸಿದವಳು. ಶಿಂಗಿರಾಯಿ ಅವಳ ತೋಳು ಹಿಡಿದು ಒಳಗೆ ಎಳೆದ. ಅವಳು ಕಣ್ಣು ಮುಚ್ಚಿದ್ದಳು. ಹೊಸ್ತಿಲು ಎಡವಿ ಮೊಣಕಾಲೂರಿ ಬಿದ್ದಳು. ಪ್ರತಿದಿನ ನೂರು ಸಲ ದಾಟುವ ಹೊಸ್ತಿಲು. ಎದ್ದು ಲಂಗದ ಧೂಳನ್ನೂ ಕೊಡವಲಿಲ್ಲ. ಕುರುಡರು ಧೂಳು ಕೊಡವಬಹುದೋ ಬಾರದೋ ಎಂದು ಅವಳಿಗೆ ಗೊತ್ತಿರಲಿಲ್ಲ.

ನನಗೆ ಅದನ್ನು ನೋಡಲಾಗಲಿಲ್ಲ. ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡಿ. ದೊರಿಕಾಳ ಮೇಲೂ ಬಂತು, ನನ್ನ ಮೇಲೂ ಬಂತು.

ನನ್ನ ಸರದಿಗೆ ಶಿಂಗಿರಾಯಿ ನನ್ನ ಮೊಣಕೈ ಹಿಡಿದ. ನಾನು ಕೊಡವಿದೆ.

"ಏನಜ್ಜಿ?"

"ದಾರಿ ಕಾಣ್ಸುತ್ತೆ. ಬಿಡು."

ಮೇಜಿನ ಹಿಂದೆ ಬೇರೆ ಜಿಲ್ಲೆಯಿಂದ ಬಂದ ಅಧಿಕಾರಿಣಿ ಕೂತಿದ್ದಳು. ಚಿಕ್ಕ ವಯಸ್ಸು. ದೊಡ್ಡ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಬೆರಳಿಟ್ಟಳು. "ಇಲ್ಲಿ ಕುರುಡಿ ಅಂತ ಬರೆದಿದೆಯಲ್ಲಮ್ಮ?"

"ಯಾರು ಬರೆದ್ರು?"

"ಬೆಳಿಗ್ಗೆ ಸಾಬುಕು ಪಟ್ಟಿ ಕೊಟ್ರು. ಕೆಲಸ ಬೇಗ ಆಗ್ಲಿ ಅಂತ ಮೊದ್ಲೇ ತುಂಬಿಸ್ದೆ."

"ಹಾಗಾದ್ರೆ ಹೊಡೆದು ಹಾಕಿ. ನಂಗೆ ಕಣ್ಣು ಕಾಣುತ್ತೆ."

ಶಿಂಗಿರಾಯಿ ನನ್ನ ಮುಖದ ಮುಂದೆ ಬೆರಳು ಹಿಡಿದು ಅಲ್ಲಾಡಿಸಿದ. "ಸುಳ್ಳು ಹೇಳ್ತಾಳೆ ಮೇಡಂ. ವಯಸ್ಸಾಗಿದೆ, ಅರಳುಮರಳು. ಏಯ್ ಮುದುಕಿ, ಎಷ್ಟು ಬೆರಳು ಹೇಳು ನೋಡೋಣ!"

"ಮೂರು. ನಡುವಿಂದ್ರ ಉಗುರಲ್ಲಿ ಕೊಳೆ ಇದೆ. ಆ ಕೈಲಿ ನನ್ನ ಓಟು ಮುಟ್ಬೇಡ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ವೀಕ್ಷಕನೊಬ್ಬ ಬಾಗಿಲಿನಲ್ಲಿ ಇಣುಕಿದ. ಅಧಿಕಾರಿಣಿ ಅವನನ್ನು ನೋಡಿದಳು, ಶಿಂಗಿರಾಯಿಯನ್ನು ನೋಡಿದಳು, ಬೆವರಿದಳು. ಮತಪತ್ರವನ್ನು ನನ್ನ ಕೈಗೇ ಕೊಟ್ಟಳು.

"ಪುಸ್ತಕದಲ್ಲಿ?" ಎಂದೆ.

"ಶಾಯೀಲಿ ಬರೆದದ್ದನ್ನ ನಾನು ತಿದ್ದೋ ಹಾಗಿಲ್ಲಮ್ಮ. ನೀವು ಹೋಗಿ ಹಾಕಿ."

ಹೋದೆ. ರಟ್ಟಿನ ಮರೆಯಲ್ಲಿ ನಿಂತು ಒಂದೊಂದು ಹೆಸರನ್ನೂ ಎರಡೆರಡು ಸಲ ಓದಿದೆ. ಅವಸರ ಮಾಡಲಿಲ್ಲ. ಎಷ್ಟೋ ವರ್ಷ ಕಾದವಳು ಐದು ನಿಮಿಷ ಕಾಯಿಸಿದರೆ ದೇಶ ಮುಳುಗುವುದಿಲ್ಲ. ಗುರುತು ಹಾಕಿದೆ. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಯೋನಾ ಕ್ಷಮಿಸಲಿ.

ನನ್ನ ಹಿಂದೆ ಒಂಬತ್ತು ಜನಕ್ಕೆ ಕಣ್ಣು ಬಂತು. ಮೇಷ್ಟ್ರಿಗೆ ಅಕ್ಷರವೂ ಬಂತು. ಉಳಿದವರು ತೋಳು ಹಿಡಿಸಿಕೊಂಡೇ ಹೋದರು. ನಾನು ಅವರನ್ನು ಬೈಯುವುದಿಲ್ಲ. ಅವರಿಗೂ ಮನೆ ಇತ್ತು.

ಎಣಿಕೆ ಮುಗಿಸಿ ಫಲಿತಾಂಶದ ಹಾಳೆಯನ್ನು ಶೆಡ್ಡಿನ ಬಾಗಿಲಿಗೆ ಅಂಟಿಸಿದರು. ಬೆಳಗಾದ ಕೂಡಲೇ ಹೋಗಿ ನೋಡಿದೆ. ಹಿಂದೆ ಐವತ್ತು ಜನ ನಿಂತಿದ್ದರು. ಗಟ್ಟಿಯಾಗಿ ಓದಿದೆ. ಗ್ವಾಟಿಡ್ಜೊ ಎಂಬತ್ತೆಂಟು. ಎದುರಾಳಿ ಇನ್ನೂರ ಮೂರು. ಇನ್ನೊಮ್ಮೆ ಓದು ಎಂದರು. ಇನ್ನೊಮ್ಮೆ ಓದಿದೆ. ಒಬ್ಬ ಹೆಂಗಸು ಖುಷಿಗೆ ನಾಲಿಗೆ ಹೊರಳಿಸಿ ಕೂಗು ಹಾಕಿದಳು.

ಮಧ್ಯಾಹ್ನಕ್ಕೆ ಬಾಗಿಲಿನಲ್ಲಿ ಗೋಂದು ಮಾತ್ರ ಉಳಿದಿತ್ತು. ಮೂರನೆಯ ದಿನ ರೇಡಿಯೋ ಬೇರೆ ಹೇಳಿತು. ನಮ್ಮ ಮತಗಟ್ಟೆಯಲ್ಲಿ ಗ್ವಾಟಿಡ್ಜೊ ಇನ್ನೂರ ಎಂಬತ್ತೆಂಟು, ಎದುರಾಳಿ ಮೂರು. ಅವನ ಸಂಖ್ಯೆಯ ಮುಂದೆ ಎರಡು ಬಂದು ನಿಂತಿತ್ತು, ಎದುರಾಳಿಯ ಇನ್ನೂರು ಎದ್ದು ಹೋಗಿತ್ತು. ಒಟ್ಟು ಮಾತ್ರ ಅಷ್ಟೇ. ನಮ್ಮ ಅಧಿಕಾರಿಗಳು ಪ್ರಾಮಾಣಿಕರು, ಒಂದು ಮತವನ್ನೂ ಹೊರಗಿಂದ ತರಲಿಲ್ಲ.

ಮಾರನೆಯ ವಾರ ಟ್ರ್ಯಾಕ್ಟರು ಬಂತು. ನನ್ನ ಮನೆಯ ಕಿಟಕಿಗೆ ಸರಪಳಿ ಹಾಕಿ ಎಳೆದರು. ಹಳೆಯ ಗೋಡೆ, ಒಂದೇ ಎಳೆತಕ್ಕೆ ಕೂತಿತು. ಒಂದು ಪಾತ್ರೆ, ಎರಡು ಕಂಬಳಿ, ಒಂದು ಬೈಬಲ್ಲು ಹೊತ್ತು ನಾನು ಹೊಳೆಯ ದಂಡೆಗೆ ಹೋದೆ. ಪ್ಲಾಸ್ಟಿಕ್ ಹಾಳೆ ಕಟ್ಟಿ ಅದರ ಕೆಳಗೆ ಕೂತೆ. ಕಣ್ಣು ಬಂದ ಉಳಿದ ಒಂಬತ್ತು ಜನವೂ, ಮೇಷ್ಟ್ರೂ ಬಂದರು. ಅರ್ಧ ಎಕರೆಗೆ ಹೊಗೆಸೊಪ್ಪಿನ ಸಸಿ ನೆಟ್ಟರು. ಮೂರು ಸಮಾಧಿ ಮಾತ್ರ ಬಿಟ್ಟು ಉತ್ತರು. ಟ್ರ್ಯಾಕ್ಟರಿನವನಿಗೆ ಸತ್ತವರ ಭಯ. ಬದುಕಿದ್ದವರ ಭಯ ಯಾರಿಗೂ ಇರಲಿಲ್ಲ.

ಎದುರಾಳಿ ಕೋರ್ಟಿಗೆ ಹೋದ. ಅವನ ವಕೀಲೆ ಕಟ್ಸಾಂಡೆ ಹೊಳೆಯ ದಂಡೆಗೇ ಬಂದು ಪ್ಲಾಸ್ಟಿಕ್ಕಿನ ಕೆಳಗೆ ಬಗ್ಗಿ ಕೂತಳು.

"ಬಾಗ್ಲಲ್ಲಿದ್ದ ಹಾಳೇನ ಓದಿದ್ದು ನೀವೇನಾ ಅಂಬುಯಾ?"

"ಎರಡು ಸಲ."

"ಕೋರ್ಟಲ್ಲಿ ಹೇಳ್ತೀರಾ? ಬೇರೆ ಯಾರೂ ಬರಲ್ಲ ಅಂತಿದ್ದಾರೆ."

"ನಂದು ಕೆಡವೋಕೆ ಇನ್ನೇನೂ ಉಳಿದಿಲ್ಲಮ್ಮ. ಈ ಪ್ಲಾಸ್ಟಿಕ್ಕು ಕೆಡವ್ಬೇಕು ಅಂದ್ರೆ ಗಾಳೀನೇ ಸಾಕು. ಹೇಳ್ತೀನಿ."

ಹತ್ತು ತಿಂಗಳಿಗೆ ಕೇಸು ಬಂತು. ಹರಾರೆಯ ಕೋರ್ಟು. ಎತ್ತರದ ಕುರ್ಚಿ, ಕುದುರೆಕೂದಲಿನ ಟೋಪಿ ತೊಟ್ಟ ನ್ಯಾಯಾಧೀಶರು. ಬಿಳಿಯರು ಹೋದರೂ ಅವರ ಕೂದಲನ್ನು ನಾವು ಬಿಟ್ಟುಕೊಟ್ಟಿಲ್ಲ. ನಾನು ಕಂಡದ್ದು ಹೇಳಿದೆ. ಎಂಬತ್ತೆಂಟು, ಇನ್ನೂರ ಮೂರು. ಗ್ವಾಟಿಡ್ಜೊ ಕಡೆಯ ವಕೀಲ ಎದ್ದ. ಬಹಳ ಮರ್ಯಾದಸ್ಥ.

"ತಾವು ಓದಿದ್ರಿ ಅಂತೀರಿ. ಯಾವುದರಲ್ಲಿ ಓದಿದ್ರಿ ತಾಯಿ?"

"ಕಣ್ಣಲ್ಲಿ."

ಅವನು ಮತಗಟ್ಟೆಯ ಆ ದೊಡ್ಡ ಪುಸ್ತಕ ತೆರೆದು ನ್ಯಾಯಾಧೀಶರ ಮುಂದಿಟ್ಟ. "ಸ್ವಾಮಿ, ಇದು ಸರಕಾರಿ ದಾಖಲೆ. ಎನಿಫಾ ಕಚಿಂಗ್ವೆ, ಕುರುಡಿ. ಅಧಿಕಾರಿಯ ಕೈಬರಹ, ಅಧಿಕಾರಿಯ ಸಹಿ."

"ನಾನೇ ಅದನ್ನ ಹೊಡೀರಿ ಅಂದಿದ್ದೆ!" ಎಂದೆ. "ನಂಗೆ ಕಾಣುತ್ತೆ ಸ್ವಾಮಿ. ಈ ವಕೀಲರ ಕೋಟಿನ ಎರಡನೇ ಗುಂಡಿ ಬೇರೆ ದಾರದಲ್ಲಿ ಹೊಲಿದಿದೆ. ಅದು ಕಪ್ಪು, ಇದು ಕಡುನೀಲಿ. ಅವರ ಕೈಗಡಿಯಾರಕ್ಕಿಂತ ನಿಮ್ಮ ಹಿಂದಿನ ಗಡಿಯಾರ ನಾಲ್ಕು ನಿಮಿಷ ಹಿಂದಿದೆ."

ಎಲ್ಲರೂ ಗಡಿಯಾರ ನೋಡಿದರು. ವಕೀಲ ಗುಂಡಿ ಮುಚ್ಚಿಕೊಂಡ. ನ್ಯಾಯಾಧೀಶರು ಮಾತ್ರ ಪುಸ್ತಕವನ್ನೇ ನೋಡುತ್ತಿದ್ದರು.

ಒಂದು ವಾರಕ್ಕೆ ತೀರ್ಪು. ಸಾಕ್ಷಿಯು ಅಂಧಳೆಂಬುದು ಸರಕಾರಿ ದಾಖಲೆಯಿಂದ ಸಾಬೀತಾಗಿದೆ. ಅಂಧಳು ಹಾಳೆ ಓದಿದಳೆಂಬುದು ನಂಬಲರ್ಹವಲ್ಲ. ಕಾಮ್ರೇಡ್ ಗ್ವಾಟಿಡ್ಜೊ ಅವರ ಗೆಲುವು ಊರ್ಜಿತ. ಕೆಂಪು ಮೊಹರು. ಕಟ್ಸಾಂಡೆ ತೀರ್ಪಿನ ಒಂದು ಪ್ರತಿ ನನ್ನ ಕೈಗೆ ಕೊಡುವಾಗ ಅಳುತ್ತಿದ್ದಳು. ನಾನು ಅದನ್ನು ಬಸ್ಸಿನಲ್ಲಿ ಇಡೀ ದಾರಿ ಓದಿದೆ. ಅದರಲ್ಲಿ ಎರಡು ಕಾಗುಣಿತದ ತಪ್ಪಿದ್ದವು.

ಮಾರ್ಚಿ ತಿಂಗಳು. ಮತ್ತೆ ಗ್ರೇಡಿಂಗ್ ಕಾಲ. ಗ್ವಾಟಿಡ್ಜೊ ಪಕ್ಷದ ಹುಡುಗಿಯರನ್ನು ಶೆಡ್ಡಿಗೆ ಹಾಕಿದ್ದ. ಪಕ್ಷನಿಷ್ಠೆಯಿದ್ದವರಿಗೆ ಎಲ್ಲ ಎಲೆಯೂ ಒಂದೇ ಬಣ್ಣ. ಮೊದಲ ಲಾರಿ ಹರಾಜಿಗೆ ಹೋಯಿತು, ಹೋದ ಹಾಗೇ ವಾಪಸು ಬಂತು. ದೊರಿಕಾಳನ್ನು ಕರೆದು ಬಿಡಿಸು ಎಂದನಂತೆ. ಅವಳು ಬಿಡಿಸಿದಳಂತೆ. ಆದರೆ ದೊರಿಕಾ ಯಾವತ್ತೂ ಕೊನೆಗೆ ಕಂತೆ ನನಗೆ ತೋರಿಸಿ ಹೂಂ ಅನ್ನಿಸಿಕೊಂಡೇ ಕಟ್ಟುತ್ತಿದ್ದವಳು. ನಾನಿಲ್ಲದೆ ಅವಳ ಕೈ ಹಿಂಜರಿಯಿತು. ಎರಡನೆಯ ಲಾರಿಯೂ ವಾಪಸು ಬಂತು.

ಆಗ ಮಾನ್ಯ ಸದಸ್ಯರ ಬಿಳಿ ಪಿಕಪ್ಪು ಹೊಳೆಯ ದಂಡೆಗೆ ಬಂತು. ಗ್ವಾಟಿಡ್ಜೊ ತಾನೇ ಇಳಿದ. ಹೊಳೆಯುವ ಬೂಟು ಕೆಸರಿಗೆ ಇಳಿಯಿತು. ಕೈಯಲ್ಲಿ ಒಂದು ಕಂತೆ ಹೊಗೆಸೊಪ್ಪು.

"ಅಂಬುಯಾ, ಚೆನ್ನಾಗಿದೀಯಾ?"

"ಯಾರದು?" ಎಂದೆ.

"ನಾನಮ್ಮ. ಗ್ವಾಟಿಡ್ಜೊ."

"ಓ, ಯಜಮಾನ್ರು. ಧ್ವನಿ ಕೇಳಿ ಗೊತ್ತಾಯ್ತು."

ಅವನು ಹಲ್ಲು ಕಿರಿದ. "ಹಳೇದೆಲ್ಲ ಬಿಡು. ನಡಿ ಶೆಡ್ಡಿಗೆ. ಮನೆ ಕಟ್ಟಿಸ್ತೀನಿ. ಅರ್ಧ ಎಕರೆ ಕಾಗದ ತಂದಿದೀನಿ, ನೋಡು, ನಿನ್ನ ಹೆಸರು. ನಿನ್ನ ಗಂಡ, ಮಕ್ಳು ಮಲಗಿರೋ ಜಾಗ. ಈ ಕಂತೆ ಮಾತ್ರ ನೋಡು, ಯಾಕೆ ಒದೀತಾ ಇದಾರೆ ಹೇಳು."

ಕಾಗದ ನಿಜವಾಗಿಯೂ ತಂದಿದ್ದ. ನನ್ನ ಹೆಸರು ನಿಜವಾಗಿಯೂ ಇತ್ತು. ಕೈ ಚಾಚಿದ್ದರೆ ಸಿಗುತ್ತಿತ್ತು. ನಾನು ಕಂಬಳಿಯ ಕೆಳಗಿನಿಂದ ತೀರ್ಪು ತೆಗೆದೆ.

"ಕೋರ್ಟು ನಂಗೆ ಕಣ್ಣಿಲ್ಲ ಅಂತ ತೀರ್ಮಾನ ಮಾಡಿದೆ ಯಜಮಾನ್ರೆ. ಕೆಂಪು ಮೊಹರು ಇದೆ. ಕುರುಡಿ ಕೈಲಿ ಗ್ರೇಡು ಬಿಡಿಸಿದ್ರೆ ಕೋರ್ಟಿಗೆ ಅವಮಾನ ಆಗುತ್ತೆ. ನೀವು ಕಾನೂನು ಮಾಡೋ ಜನ."

"ಅದನ್ನ ಹರಿದು ಒಲೆಗೆ ಹಾಕು ಮುದುಕಿ! ನಿಂಗೆ ಕಣ್ಣು ಕಾಣುತ್ತೆ ಅಂತ ನಂಗೊತ್ತಿಲ್ವಾ?"

"ಗೊತ್ತಾ?"

"ಇಡೀ ಜಿಲ್ಲೆಗೇ ಗೊತ್ತು!"

ಪ್ಲಾಸ್ಟಿಕ್ಕಿನ ಕೆಳಗಿಂದ ಉಳಿದವರೂ ಎದ್ದು ಬಂದು ಸುತ್ತ ನಿಂತರು. ಮೇಷ್ಟ್ರೂ ಇದ್ದರು. ನಾನು ತೀರ್ಪಿನ ಹಿಂಬದಿಯ ಖಾಲಿ ಹಾಳೆಯನ್ನು ಅವನ ಮುಂದೆ ಹಿಡಿದೆ.

"ಹಾಗಾದ್ರೆ ಇಲ್ಲಿ ಬರ್ಕೊಡಿ. ಎನಿಫಾ ಕಚಿಂಗ್ವೆಗೆ ಕಣ್ಣು ಕಾಣುತ್ತೆ, ಓಟಿನ ದಿವ್ಸಾನೂ ಕಾಣ್ತಿತ್ತು. ಕೆಳಗೆ ಒಂದು ಸಹಿ. ಈಗ್ಲೇ ಬರ್ತೀನಿ ಶೆಡ್ಡಿಗೆ. ಕೂಲೀನೂ ಬೇಡ."

ಗ್ವಾಟಿಡ್ಜೊ ಜೇಬಿನಿಂದ ಪೆನ್ನು ತೆಗೆದ. ಮುಚ್ಚಳ ಬಿಚ್ಚಿದ. ಹೊಗೆಸೊಪ್ಪಿನ ಬೆಲೆಯನ್ನೂ ಪಾರ್ಲಿಮೆಂಟಿನ ಕುರ್ಚಿಯ ಬೆಲೆಯನ್ನೂ ತೂಗುತ್ತಿದ್ದನೋ ಏನೋ, ಬಹಳ ಹೊತ್ತು ನಿಂತ. ಹಣೆಯ ಬೆವರು ಮೂಗಿಗೆ ಇಳಿಯಿತು. ನಾನು ಹಾಳೆ ಹಿಡಿದ ಕೈ ಇಳಿಸಲಿಲ್ಲ. ತೋಳು ನೋಯುತ್ತಿತ್ತು. ನಿಲ್ಲುವುದು, ಕೈ ಚಾಚುವುದು ನನಗೆ ಹೊಸದಲ್ಲ.

ಅವನು ಮುಚ್ಚಳ ಹಾಕಿದ. ಅರ್ಧ ಎಕರೆಯ ಕಾಗದವನ್ನು ನಾಲ್ಕು ತುಂಡು ಮಾಡಿ ಕೆಸರಿಗೆ ಎಸೆದ. ಕಂತೆಯನ್ನೂ ಎಸೆದ. ಪಿಕಪ್ಪು ಹೋಯಿತು.

ನಾನು ಅತ್ತೆ. ಬಾಯಿಬಿಟ್ಟು ಅತ್ತೆ. ಯೋನಾನಿಗೂ ಮಕ್ಕಳಿಗೂ ನಾನು ಅವತ್ತು ಮಾಡಿದ್ದು ಸರಿಯೋ ತಪ್ಪೋ, ಸತ್ತ ಮೇಲೆ ಅವರನ್ನೇ ಕೇಳುತ್ತೇನೆ. ಮೇಷ್ಟ್ರು ಕೆಸರಿನಿಂದ ಕಂತೆ ಎತ್ತಿಕೊಂಡು ಬಂದು ನನ್ನ ಮುಂದೆ ಹಿಡಿದರು.

"ಏನಾಗಿದೆ ಅಂಬುಯಾ ಇದರಲ್ಲಿ?"

ಕಿತ್ತಳೆಯ ನಡುವೆ ಮೂರು ನಿಂಬೆ. ಐದನೆಯದು, ಒಂಬತ್ತನೆಯದು, ಕೊನೆಯಿಂದ ಎರಡನೆಯದು. ಮಗುವೂ ಕಲಿಯಬಹುದಾದದ್ದು.

"ನಂಗೇನೂ ಕಾಣ್ಸಲ್ಲ ಮೇಷ್ಟ್ರೆ," ಎಂದೆ. "ಒಲೆಗೆ ಹಾಕಿ."